ಭೂಮಣ್ಣಿ ಬುಟ್ಟಿಯ ಬಿಳಿ ಗೆರೆ

ಸಾಗರ ಸೀಮೆಯಲ್ಲಿ ಚಿತ್ರಕಲೆ ಮೇಷ್ಟ್ರಾಗಿದ್ದ ನನಗೆ, ದೀವರ ಸಮುದಾಯದ ಹೆಂಗಸರು ಬರೆಯುವ ಚಿತ್ತಾರಗಳಲ್ಲಿ ಗೋಡೆಗಿಂತ ಬುಟ್ಟಿಯದರ ಮೇಲೇ ಮೋಹ ಹೆಚ್ಚು. ಮದುವೆಯ ಹಸೆಗೋಡೆ ಚಿತ್ತಾರದಲ್ಲಿ ಬೆರಳಿಡಲೂ ಜಾಗವಿರದು. ಬುಟ್ಟಿಯ ಮೇಲೆ ಅದೇ ಕೈಗಳು ಮಿತವಾಗುತ್ತವೆ.

ಆಶ್ವಯುಜದ ಹುಣ್ಣಿಮೆ ನಮ್ಮ ಕಡೆ ಭೂಮಿ ಹುಣ್ಣಿಮೆ. ಗದ್ದೆಯಲ್ಲಿ ಭತ್ತ ಹೊಡೆಯಾಗಿರುತ್ತದೆ. ಬಸುರಿ ಭೂಮಿಗೆ ಬಯಕೆಯ ಊಟ ಬಡಿಸಬೇಕು. ಆ ಅಡುಗೆ ಹೊರುವುದು ಭೂಮಣ್ಣಿ ಬುಟ್ಟಿ. ಬಗೆಬಗೆಯ ಸೊಪ್ಪು ಬೇಯಿಸಿದ ಹಚ್ಚಂಬಲಿಯನ್ನು ಗದ್ದೆಗೆ ಬೀರಲು ಇನ್ನೊಂದು ಚಿಕ್ಕದು.

ಬಿದಿರ ಬುಟ್ಟಿಯ ಸಂದಿಗೆ ಸಗಣಿ ಮೆತ್ತಿ, ಒಣಗಿದ ಮೇಲೆ ಕೆಮ್ಮಣ್ಣು ಬಳಿಯುತ್ತಾರೆ. ನೆನೆದ ಅಕ್ಕಿ ಅರೆದರೆ ಬಿಳಿ ಬಣ್ಣ, ಪುಂಡಿ ನಾರಿನ ತುದಿ ಜಜ್ಜಿದರೆ ಕುಂಚ. ಹಿಟ್ಟು ಹಸಿಯಿದ್ದಾಗ ಗೆರೆ ಸರಿಯಾಗಿ ಕಾಣದು, ಒಣಗುತ್ತ ಬೆಳ್ಳಗೆ ಏಳುತ್ತದೆ. ಹಾಗಾಗಿ ಬರೆಯುವವರು ಅಂದಾಜಿನ ಮೇಲೇ ಮುಂದೆ ಸಾಗಬೇಕು. ಅಜ್ಜಿಯೊಬ್ಬರು ಬುಟ್ಟಿಯನ್ನು ತೊಡೆಯ ಮೇಲಿಟ್ಟು, ಕುಂಚದ ಕೈ ಕದಲಿಸದೆ, ಎಡಗೈಯಲ್ಲಿ ಬುಟ್ಟಿಯನ್ನೇ ತಿರುಗಿಸುತ್ತಿದ್ದರು. ಬಾಯಂಚಿಗೆ ಜೋಡಿ ಗೆರೆ, ನಡುವೆ ಚುಕ್ಕಿ ಸಾಲು, ಕೆಳಗೆ ಅಗಲವಾದ ಬರಿಯ ಕೆಂಪು. ಅಲ್ಲೊಂದು ಹೂವು ಬರೆಯಬಾರದೇ ಅಂದೆ.

"ಮಣ್ಣು ಮುಚ್ಚಿ ಭೂಮಿ ಪೂಜೆ ಮಾಡ್ತಾರಾ ಮೇಷ್ಟ್ರೇ?" ಎಂದು ನಕ್ಕರು.

ಬಡತನದ ಕಲೆ, ಅದಕ್ಕೇ ಸರಳ ಎನ್ನುವವರಿದ್ದಾರೆ. ಬಡತನ ಇದ್ದದ್ದು ನಿಜ. ಬುಟ್ಟಿ ಹೊತ್ತು ಹೋಗುತ್ತಿದ್ದ ಗದ್ದೆ ಬಹುಪಾಲು ಒಡೆಯರದು, ದೀವರು ಗೇಣಿ ಒಕ್ಕಲು. ಗೇಣಿ ಭತ್ತ ಅಳೆಯುವ ಕೊಳಗದ ಜಗಳವೇ 1951ರ ಕಾಗೋಡು ಸತ್ಯಾಗ್ರಹಕ್ಕೆ ಕಿಡಿ, ಎಚ್. ಗಣಪತಿಯಪ್ಪ ಮುಂದಾಳಾದರು, ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆದರೆ ಇನ್ನೊಂದು ಗೆರೆ ಎಳೆಯಲು ಏನು ಖರ್ಚು? ಚಿಟಿಕೆ ಅಕ್ಕಿಹಿಟ್ಟು. ಅದೇ ಗೇಣಿ ಮನೆಗಳ ಹಸೆಗೋಡೆ ತುಂಬಿ ತುಳುಕುತ್ತಿತ್ತಲ್ಲ! ಬುಟ್ಟಿಯ ಮೇಲೆ ಕೈ ತಡೆದದ್ದು ಬರೆಯುವವಳ ತೀರ್ಮಾನ.

ಮುಂದೆ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಶರಾವತಿ ಕಣಿವೆಯ ಎಷ್ಟೋ ಗದ್ದೆ ಮುಳುಗಿದವು. 1974ರ ಭೂಸುಧಾರಣೆ ಕಾನೂನಿನಿಂದ ಉಳುವವರಿಗೆ ಹೊಲ ಬಂತು. ಆಮೇಲೆ ಹಲವು ಗದ್ದೆ ಅಡಿಕೆ ತೋಟವಾದವು. ಮಣ್ಣಿನ ಗೋಡೆ ಹೋಗಿ ಸಿಮೆಂಟು ಬಂತು, ಚಿತ್ತಾರ ಕಾಗದ, ಬಟ್ಟೆಗಳಿಗೆ ಹತ್ತಿತು.

ಈಗ ಮೇಳಗಳಲ್ಲಿ ಆಕ್ರಿಲಿಕ್ ಬಳಿದ ಬುಟ್ಟಿಗಳೂ ಸಿಗುತ್ತವೆ. ಮಾರಲಿ, ಬರೆದವರಿಗೆ ನಾಲ್ಕು ಕಾಸು ಬರಲಿ. ಕೊಳ್ಳುವವರೇ ಖಾಲಿ ಜಾಗ ಕಂಡರೆ ಚೌಕಾಸಿಗಿಳಿಯುತ್ತಾರೆ. ಪಾಪ, ಬರೆಯುವವಳು ಇನ್ನೆರಡು ನವಿಲು ಸೇರಿಸುತ್ತಾಳೆ. ನಾನಂತೂ ನವಿಲಿಲ್ಲದ್ದನ್ನೇ ಕೇಳಿ, ಅದೇ ಬೆಲೆ ಕೊಟ್ಟು ತರುತ್ತೇನೆ.