ನೆಲದ ಸಾಕ್ಷ್ಯ: ಪಶ್ಚಿಮ ಆಸ್ಟ್ರೇಲಿಯದ ಸಮಕಾಲೀನ ಕಲೆ ಮತ್ತು ಪರಿಸರದ ಪ್ರಶ್ನೆ

ಪರ್ತ್ ನಗರದ ಪಶ್ಚಿಮ ಆಸ್ಟ್ರೇಲಿಯ ಕಲಾ ಗ್ಯಾಲರಿಯಲ್ಲಿ ಫ್ರೆಡರಿಕ್ ಮೆಕ್‌ಕಬಿನ್ 1889ರಲ್ಲಿ ಬರೆದ ‘ಡೌನ್ ಆನ್ ಹಿಸ್ ಲಕ್’ ಎಂಬ ತೈಲಚಿತ್ರವಿದೆ. ಅದೃಷ್ಟ ಕೈಕೊಟ್ಟ ಒಬ್ಬ ಬಿಳಿಯ ಅಲೆಮಾರಿ ಕಾಡಿನ ನಡುವೆ, ಒಲೆಯಷ್ಟು ಚಿಕ್ಕ ಬೆಂಕಿಯ ಮುಂದೆ, ಕೆನ್ನೆಗೆ ಕೈಹಚ್ಚಿ ಕುಳಿತಿದ್ದಾನೆ. ಸುತ್ತಲಿನ ಗಿಡಮರಗಳನ್ನು ಕಲಾವಿದ ಎಷ್ಟು ಪ್ರೀತಿಯಿಂದ ನೋಡಿದ್ದಾನೆ ಎಂಬುದು ಎಲೆ ಎಲೆಯಲ್ಲೂ ಕಾಣುತ್ತದೆ. ಆದರೂ ಆ ಕಾಡು ಯಾರದೂ ಅಲ್ಲ. ಅಲ್ಲಿ ಸಾವಿರಾರು ವರ್ಷ ಬಾಳಿದವರ ಗುರುತು ಎಲ್ಲಿಯೂ ಇಲ್ಲ. ಒಬ್ಬನ ದುಃಖಕ್ಕೆ ಹಿನ್ನೆಲೆಯಾಗಿ ನಿಲ್ಲುವುದಷ್ಟೇ ಅದರ ಪಾಲಿನ ಕೆಲಸ. ಪರಿಸರ ಕುರಿತ ಕಲೆ ಎಂದು ಇಂದು ಕರೆಸಿಕೊಳ್ಳುವ ಎಷ್ಟೋ ಕೃತಿಗಳು, ಉದ್ದೇಶ ಒಳ್ಳೆಯದೇ ಇದ್ದರೂ, ಈ ಹಿನ್ನೆಲೆಯ ಚೌಕಟ್ಟನ್ನು ದಾಟಿಲ್ಲ. ಅಲೆಮಾರಿಯ ಜಾಗದಲ್ಲಿ ಹವಾಮಾನದ ಆತಂಕ ಬಂದು ಕುಳಿತಿದೆ, ಕಾಡು ಮಾತ್ರ ಇದ್ದಲ್ಲೇ ಇದೆ. ಚೌಕಟ್ಟನ್ನು ನಿಜವಾಗಿ ದಾಟಿದ ಕೃತಿಗಳು ನಿಸರ್ಗವನ್ನು ಚಿತ್ರಿಸುವುದಕ್ಕಿಂತ ಹೆಚ್ಚಾಗಿ ಅದರೊಂದಿಗಿನ ನಂಟಿಗೆ ಸಾಕ್ಷಿ ನುಡಿಯುತ್ತವೆ, ಆ ಸಾಕ್ಷ್ಯವನ್ನು ಪರೀಕ್ಷೆಗೂ ಒಡ್ಡುತ್ತವೆ. ಅವುಗಳ ಬೆಲೆ ಕಟ್ಟಬೇಕಾದದ್ದು ಈ ಅಳತೆಯಿಂದ ಎಂಬುದು ಈ ಲೇಖನದ ವಾದ.

ಸಾಕ್ಷಿ ಎಂಬ ಮಾತನ್ನು ಇಲ್ಲಿ ಅಲಂಕಾರಕ್ಕೆ ಬಳಸಿಲ್ಲ. ಆಸ್ಟ್ರೇಲಿಯ ‘ಯಾರದೂ ಅಲ್ಲದ ನೆಲ’ವಾಗಿತ್ತು ಎಂಬ ಕಾನೂನಿನ ಕಲ್ಪನೆಯನ್ನು ಅಲ್ಲಿನ ಹೈಕೋರ್ಟು 1992ರ ಮಾಬೊ ತೀರ್ಪಿನಲ್ಲಿ ತಳ್ಳಿಹಾಕಿತು, ಮರುವರ್ಷ ಮೂಲನಿವಾಸಿಗಳ ಭೂಹಕ್ಕಿನ ಕಾಯ್ದೆ ಬಂತು. ಹಕ್ಕು ಕೇಳುವವರು ನೆಲದೊಂದಿಗಿನ ತಮ್ಮ ಸಂಬಂಧವನ್ನು ಸಾಬೀತುಪಡಿಸಿ ತೋರಿಸಬೇಕಿತ್ತು. ಗ್ರೇಟ್ ಸ್ಯಾಂಡಿ ಮರುಭೂಮಿಯ ವಾಲ್ಮಜರಿ, ವಾಂಗ್ಕಜುಂಗ ಮೊದಲಾದ ನುಡಿಗಳ ಹಿರಿಯರಿಗೆ ಇಂಗ್ಲಿಷ್ ದಾಖಲೆಗಳ ಮೂಲಕ ಇದನ್ನು ಹೇಳುವುದು ಕಷ್ಟವಾಗಿತ್ತು. 1997ರಲ್ಲಿ ಪಿರ್ನಿನಿ ಎಂಬಲ್ಲಿ ನಲವತ್ತಕ್ಕೂ ಹೆಚ್ಚು ಮಂದಿ ಸೇರಿ ಹತ್ತು ಮೀಟರ್ ಉದ್ದ, ಎಂಟು ಮೀಟರ್ ಅಗಲದ ಬಟ್ಟೆಯ ಮೇಲೆ ತಮ್ಮ ನಾಡನ್ನು ಬರೆದರು. ಇಂದು ಅದು ‘ಙುರಾರ ಕ್ಯಾನ್ವಾಸ್’ ಎಂದು ಹೆಸರಾಗಿದೆ. ಭೂಹಕ್ಕಿನ ಅಹವಾಲು ಕೇಳುವ ನ್ಯಾಯಮಂಡಳಿಯವರು ಅಲ್ಲಿಗೇ ಬಂದಾಗ ಒಬ್ಬೊಬ್ಬರೂ ಚಿತ್ರದ ಮೇಲೆ ನಡೆದು ಹೋಗಿ, ತಮ್ಮ ಒರತೆಯ ಮೇಲೆ ನಿಂತು, ತಮ್ಮ ನುಡಿಯಲ್ಲೇ ಹೇಳಿಕೆ ಕೊಟ್ಟರು. ಬತ್ತದ ಒರತೆಗೆ ಅವರು ‘ಜಿಲ’ ಎನ್ನುತ್ತಾರೆ. ಚಿತ್ರದ ಜೀವವಿರುವುದು ಈ ಜಿಲಗಳಲ್ಲಿ. ಎಲ್ಲಿ ನೀರಿದೆ, ಅದನ್ನು ಕಾಯುವವರು ಯಾರು, ಅದರ ಕತೆ ಹೇಳುವ ಅಧಿಕಾರ ಯಾರದು ಎಂಬ ಮೂರೂ ಅಲ್ಲಿ ಒಂದೇ ತಿಳಿವಳಿಕೆ. ನಾವು ಜಲವಿಜ್ಞಾನ, ಆಸ್ತಿಹಕ್ಕು, ಪುರಾಣ ಎಂದು ಬೇರೆ ಬೇರೆ ಕಪಾಟಿನಲ್ಲಿಟ್ಟದ್ದನ್ನು ಅವರು ಎಂದೂ ಬೇರೆ ಮಾಡಿರಲೇ ಇಲ್ಲ.

ಪರ್ತ್‌ನ ನೆಲ ನೂಂಗಾರ್ ಜನರದು. ಅವರ ವರ್ಷಕ್ಕೆ ಬಿರಾಕ್, ಬುನುರು, ಜೆರಾನ್, ಮಕುರು, ಜಿಲ್ಬ, ಕಂಬರಾಂಗ್ ಎಂಬ ಆರು ಋತುಗಳು. ನೂಂಗಾರ್ ಕಲಾವಿದ ಶೇನ್ ಪಿಕೆಟ್ (1957–2010) ತಮ್ಮ ಕೊನೆಯ ದಶಕದಲ್ಲಿ ಈ ಋತುಗಳನ್ನು ಮತ್ತೆ ಮತ್ತೆ ಬರೆದರು. ಅವುಗಳಲ್ಲಿ ಮರವಿಲ್ಲ, ಹೂವಿಲ್ಲ. ಬಣ್ಣದ ಪದರಗಳು, ಅವನ್ನು ಸೀಳಿ ಹೋಗುವ ಗೆರೆಗಳು, ಒಂದು ಋತು ಇನ್ನೊಂದಕ್ಕೆ ದಾರಿ ಬಿಡುವ ಚಲನೆ ಮಾತ್ರ. ಯುರೋಪಿನ ಅಮೂರ್ತ ಕಲೆಯ ಮಾತಿನಲ್ಲಷ್ಟೇ ಇವನ್ನು ವಿವರಿಸಹೊರಟರೆ ಮುಖ್ಯವಾದದ್ದು ಜಾರಿಹೋಗುತ್ತದೆ. ಕನ್ನಡದ ಓದುಗರಿಗೆ ಇಲ್ಲಿ ಹತ್ತಿರದ ದಾರಿಯೊಂದಿದೆ. ನಮ್ಮ ರೈತರು ಮಳೆಗಾಲವನ್ನು ರೋಹಿಣಿ, ಮೃಗಶಿರಾ, ಆರಿದ್ರಾ, ಪುನರ್ವಸು ಎಂದು ಹದಿಮೂರು ಹದಿನಾಲ್ಕು ದಿನಗಳ ಮಳೆಗಳಾಗಿ ಎಣಿಸುತ್ತಾರೆ. ಯಾವ ಮಳೆಗೆ ಏನು ಬಿತ್ತಬೇಕು, ಯಾವುದು ತಪ್ಪಿದರೆ ಏನು ಕೈಬಿಡಬೇಕು ಎಂಬುದು ಆ ಹೆಸರುಗಳೊಳಗೇ ಇದೆ. ಕಾಲದ ಹೆಸರು ಕೆಲಸದ ಹೆಸರೂ ಹೌದು. ನೂಂಗಾರ್ ಋತುಗಳೂ ಹಾಗೆಯೇ: ಯಾವಾಗ ಹುಲ್ಲಿಗೆ ಹದವಾದ ಬೆಂಕಿಯಿಡಬೇಕು, ಯಾವಾಗ ಕರಾವಳಿಯತ್ತ ಇಳಿಯಬೇಕು, ಯಾವಾಗ ಒಳನಾಡಿಗೆ ಸರಿಯಬೇಕು ಎಂಬ ನಡವಳಿಕೆ ಅವುಗಳಲ್ಲಿ ಅಡಗಿದೆ. ಕ್ಯಾನಿಂಗ್ ನದಿಯ ಬದಿಯ ಥಾರ್ನ್ಲಿಯಂಥ ಬಡಾವಣೆಗಳ ಕನ್ನಡ ಮನೆಗಳಲ್ಲಿ ಸಂಕ್ರಾಂತಿ ಬಿರಾಕಿನ ಬಿಸಿಲಲ್ಲಿ ಬರುತ್ತದೆ, ಯುಗಾದಿ ಬುನುರು ಮುಗಿದು ಜೆರಾನಿನ ತಂಪು ತಲೆಹಾಕುವ ಹೊತ್ತಿಗೆ. ಪಂಚಾಂಗವನ್ನೂ ನೆಲವನ್ನೂ ಹೊಂದಿಸಲಾಗದ ಈ ತೊಡಕನ್ನು ಬಲ್ಲವರಿಗೆ ಪಿಕೆಟ್ ಅವರ ಚಿತ್ರಗಳು ಅಪರಿಚಿತವಾಗಬೇಕಿಲ್ಲ.

ಸಾಕ್ಷ್ಯ ವಸ್ತುವಿನಲ್ಲೂ ಇರಬಹುದು. ದಕ್ಷಿಣ ಆಸ್ಟ್ರೇಲಿಯದ ಮರಲಿಂಗದಲ್ಲಿ ಬ್ರಿಟನ್ 1956–57ರಲ್ಲಿ ಏಳು ಅಣುಬಾಂಬುಗಳನ್ನು ಸಿಡಿಸಿತು. ಕೊಕತ ಮತ್ತು ನುಕುನು ಮೂಲದ ಯೋನಿ ಸ್ಕೇರ್ಸ್ ಅವರ ‘ಥಂಡರ್ ರೇನಿಂಗ್ ಪಾಯ್ಸನ್’ (2015) ಅಡಿಲೇಡ್‌ನಲ್ಲಿ ಪ್ರದರ್ಶನಗೊಂಡಿತು: ಊದಿ ಮಾಡಿದ ಸುಮಾರು 2,000 ಗಾಜಿನ ಗೆಣಸುಗಳು ಮೋಡದಂತೆ ಮೇಲಿನಿಂದ ಇಳಿಬಿದ್ದಿರುತ್ತವೆ. ಗೆಣಸು ಆ ನೆಲದ ಅನ್ನ. ಗಾಜು ಆ ನೆಲದ ಮರಳಿಗೆ ಸ್ಫೋಟದ ಕಾವಿನಲ್ಲಿ ಆದ ಗತಿ. ಎರಡನ್ನೂ ಕಲಾವಿದೆ ಒಂದೇ ವಸ್ತುವಿನಲ್ಲಿ ಕೂಡಿಸಿದ್ದಾರೆ. ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಕೆಲಸ ಮಾಡುವ ಶೀಲಾ ಗೌಡ 1990ರ ದಶಕದ ಆರಂಭದಲ್ಲಿ ಬಣ್ಣ ಬಿಟ್ಟು ಸಗಣಿಯನ್ನು ಕೈಗೆತ್ತಿಕೊಂಡದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಂಗಳ ಸಾರಿಸುವ, ಬೆರಣಿ ತಟ್ಟುವ ಹೆಣ್ಣಿನ ದುಡಿಮೆ, ಹಟ್ಟಿಯ ದನ, ಪೂಜೆಯ ಪಾವಿತ್ರ್ಯ, ಕೋಮು ಹಿಂಸೆಯ ಆ ವರ್ಷಗಳಲ್ಲಿ ಗೋವಿನ ಹೆಸರಿನಲ್ಲಿ ನಡೆದ ರಾಜಕೀಯ, ಇವೆಲ್ಲ ಆ ವಸ್ತುವಿಗೆ ಅದಾಗಲೇ ಅಂಟಿದ್ದವು. ಹಸಿರು ಸಂದೇಶವೊಂದನ್ನು ಅದರ ಮೇಲೆ ಬರೆಯುವ ಅಗತ್ಯ ಅವರಿಗೆ ಬೀಳಲಿಲ್ಲ.

ಈ ವಾದಕ್ಕೆ ಎರಡು ಆಕ್ಷೇಪಗಳು ಬರುತ್ತವೆ, ಎರಡೂ ಗಟ್ಟಿಯಾಗಿವೆ. ಮೊದಲನೆಯದು: ಙುರಾರದ ಹಿರಿಯರು ‘ಪರಿಸರ’ ಎಂದು ಯೋಚಿಸಿದವರಲ್ಲ, ಆ ಹೆಸರನ್ನು ಅಂಟಿಸುವುದು ಹೊರಗಿನವರ ಅನುಕೂಲ. ಇದನ್ನು ಬಹುಪಾಲು ಒಪ್ಪಲೇಬೇಕು. ಅವರು ಕೇಳಿದ್ದು ಹಕ್ಕನ್ನು. ಅದನ್ನು ಪ್ರಕೃತಿ ಪ್ರೇಮವೆಂದು ಮೃದುಗೊಳಿಸಿದರೆ ಅವರ ಸಾಕ್ಷ್ಯವನ್ನೇ ತಿರುಚಿದಂತೆ. ಆದರೆ ಇದರಿಂದ ತಿದ್ದುಪಡಿಯಾಗಬೇಕಾದದ್ದು ನಮ್ಮ ‘ಪರಿಸರ’ದ ಅರ್ಥ. ಒಡೆತನ, ಹೊಣೆ, ನೆನಪುಗಳನ್ನು ಹೊರಗಿಟ್ಟು ಗಾಳಿ ನೀರುಗಳನ್ನಷ್ಟೇ ಎಣಿಸುವ ಪದ ಅಷ್ಟರಮಟ್ಟಿಗೆ ಬಡವಾದದ್ದು. ಎರಡನೆಯ ಆಕ್ಷೇಪ: ಚಿತ್ರದಿಂದ ಬುಲ್ಡೋಜರ್ ನಿಲ್ಲುವುದಿಲ್ಲ. ನಿಜ. ಪರ್ತ್‌ನ ಬೀಲಿಯಾರ್ ಜೌಗುಭೂಮಿಯಲ್ಲಿ ರೋ 8 ಹೆದ್ದಾರಿಗಾಗಿ ಕಾಡು ಕಡಿಯುವುದು ನಿಂತದ್ದು 2017ರ ಮಾರ್ಚ್ ಚುನಾವಣೆಯಲ್ಲಿ ಸರ್ಕಾರ ಬದಲಾದ ಮೇಲೆ. ಙುರಾರದ ಹಕ್ಕು ಮಾನ್ಯವಾದದ್ದೂ ಚಿತ್ರ ಬರೆದು ಹತ್ತು ವರ್ಷದ ನಂತರ, 2007ರಲ್ಲಿ. ನಡುವೆ ವಕೀಲರ, ಮಾನವಶಾಸ್ತ್ರಜ್ಞರ ದುಡಿಮೆ ಬೇಕಾಯಿತು, ಬರೆದವರಲ್ಲಿ ಹಲವರು ಅಷ್ಟರಲ್ಲಿ ತೀರಿಕೊಂಡಿದ್ದರು. ಚಿತ್ರ ದಾವೆ ಗೆದ್ದುಕೊಟ್ಟಿತು ಎನ್ನುವುದು ಉತ್ಪ್ರೇಕ್ಷೆಯಾದೀತು. ಆದರೆ ತಮ್ಮ ನಾಡಿನ ಮೇಲೆ ನಿಂತು, ತಮ್ಮ ನುಡಿಯಲ್ಲಿ, ಕಾನೂನಿನ ಮುಂದೆ ಮಾತಾಡಲು ಅದು ಜಾಗ ಮಾಡಿಕೊಟ್ಟಿತು. ಸಾಕ್ಷಿಯಿಂದ ನಾವು ನಿರೀಕ್ಷಿಸಬೇಕಾದದ್ದು ಇಷ್ಟನ್ನೇ. ತೀರ್ಪು ಕೊಡುವುದು ಅದರ ಕೆಲಸವಲ್ಲ.

ಸಾಕ್ಷ್ಯಕ್ಕೆ ಕಿವಿಗೊಡದಿರುವ ಹೊಣೆ ಹಾಗಾದರೆ ಕಲೆಯದಲ್ಲ, ಕೇಳಬೇಕಾದವರದು. ಪಶ್ಚಿಮ ಆಸ್ಟ್ರೇಲಿಯದ ಉತ್ತರದ ಮುರುಜುಗ ಪರ್ಯಾಯದ್ವೀಪದ ಬಂಡೆಗಳ ಮೇಲೆ ಹತ್ತು ಲಕ್ಷದಷ್ಟು ಕೆತ್ತನೆಗಳಿವೆ ಎಂದು ಅಂದಾಜು; ಅಲ್ಲಿ ಈಗ ಇಲ್ಲದ ಪ್ರಾಣಿಗಳೂ ಅವುಗಳಲ್ಲಿವೆ. ಅದರ ಮಗ್ಗುಲಲ್ಲೇ ಅನಿಲ ಮತ್ತು ರಸಗೊಬ್ಬರದ ಸ್ಥಾವರಗಳಿದ್ದು, ಅವುಗಳ ಹೊಗೆ ಬಂಡೆಯ ಮೇಲ್ಪದರವನ್ನು ತಿನ್ನುತ್ತದೆಯೇ ಎಂಬ ವಿವಾದ ವರ್ಷಗಳಿಂದ ನಡೆದಿದೆ. 2023ರ ಜನವರಿಯಲ್ಲಿ ಪ್ರತಿಭಟನಕಾರರೊಬ್ಬರು ಮೆಕ್‌ಕಬಿನ್‌ನ ಅದೇ ಚಿತ್ರದ ಮೇಲೆ ಅಲ್ಲಿನ ಅನಿಲ ಸ್ಥಾವರ ನಡೆಸುವ ವುಡ್‌ಸೈಡ್ ಕಂಪನಿಯ ಲಾಂಛನವನ್ನು ಹಳದಿ ಬಣ್ಣದಲ್ಲಿ ಸಿಂಪಡಿಸಿ, ಗಮನವನ್ನು ಮುರುಜುಗದ ಕಡೆ ತಿರುಗಿಸಲು ನೋಡಿದರು. ಆ ಕೃತ್ಯವನ್ನು ಒಪ್ಪುವುದು ಬಿಡುವುದು ಬೇರೆ ಮಾತು. ದೇಶವಿಡೀ ಸುದ್ದಿಯಾದದ್ದು ಮಾತ್ರ ಚಿತ್ರದ ಸುರಕ್ಷತೆ. 2025ರ ಜುಲೈಯಲ್ಲಿ ಯುನೆಸ್ಕೊ ಮುರುಜುಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪಕ್ಕದ ಅನಿಲ ಸ್ಥಾವರಕ್ಕೆ 2070ರವರೆಗೆ ನಡೆಯಲು ಒಕ್ಕೂಟ ಸರ್ಕಾರದ ಅಂತಿಮ ಒಪ್ಪಿಗೆಯೂ ದೊರೆಯಿತು. ಗ್ಯಾಲರಿಯಲ್ಲಿ ಬಣ್ಣ ಬಿದ್ದದ್ದು ಚಿತ್ರವನ್ನು ಮುಚ್ಚಿದ್ದ ಪಾರದರ್ಶಕ ಹಲಗೆಯ ಮೇಲೆ. ಒಳಗಿನ ಕಾಡಿಗೆ ಏನೂ ಆಗಲಿಲ್ಲ. ಮುರುಜುಗದ ಬಂಡೆಗಳಿಗೆ ಅಂಥ ಹಲಗೆಯಿಲ್ಲ.