ಮೂಲೆ ಸೇರಿದ ಯೆಜ್ಡಿ: ಗುಜರಿಗೆ ತೂಕಕ್ಕೆ ಹಾಕೋ ಮುಂಚೆ ಇಷ್ಟು ತಿಳ್ಕೊಂಡಿರಿ

ದೇವಸಮುದ್ರ: ಹೋಬಳಿಯ ಹಳ್ಳಿಗಳಲ್ಲಿ, ರಾಂಪುರ, ಬಿ.ಜಿ.ಕೆರೆ ಕಡೆಯ ಹಟ್ಟಿಗಳಲ್ಲಿ ಕೊಟ್ಟಿಗೆ ಮೂಲೆಗೆ ಒರಗಿಸಿಟ್ಟ ಹಳೇ ಟೂ-ಸ್ಟ್ರೋಕ್ ಗಾಡಿ ಇನ್ನೂ ಸಿಗುತ್ತವೆ. ಶೇಂಗಾ ಚೀಲದ ಕೆಳಗೆ ಒಂದು ಯೆಜ್ಡಿ, ಕೋಳಿ ಕೂರುವ ಸೀಟಿನ ಒಂದು ರಾಜದೂತ್. ಗುಜರಿಯವನು ಬಂದ್ರೆ ಕಬ್ಬಿಣದ ತೂಕಕ್ಕೆ ಬೆಲೆ ಕಟ್ತಾನೆ. ಅದೇ ಗಾಡಿ ದಾಖಲೆ ಸಮೇತ ಓಡುವ ಸ್ಥಿತಿಗೆ ಬಂದರೆ ಬೆಂಗಳೂರು, ಮೈಸೂರಿನಿಂದ ಹುಡುಕಿಕೊಂಡು ಬರುವವರಿದ್ದಾರೆ. ಹಾಗಂತ ಎಲ್ಲ ಗಾಡಿಯನ್ನೂ ಎಬ್ಬಿಸಬೇಕೆಂದೇನಿಲ್ಲ. ಯಾವುದನ್ನು ಎಬ್ಬಿಸಬಹುದು, ಯಾವುದನ್ನು ಬಿಡಬೇಕು, ಎಲ್ಲಿ ದುಡ್ಡು ಸೋರುತ್ತದೆ ಅನ್ನೋದು ಇಲ್ಲಿದೆ.

ನಮ್ಮ ರಾಜ್ಯದ್ದೇ ಗಾಡಿ

ಯೆಜ್ಡಿ ಹೊರಗಿನದಲ್ಲ, ಮೈಸೂರಿನದು. ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು ರುಸ್ತುಂ ಇರಾನಿ, ಫರೂಕ್ ಇರಾನಿ ಅವರು ಐಡಿಯಲ್ ಜಾವಾ ಕಂಪನಿ ಕಟ್ಟಿದರು. ಜಯಚಾಮರಾಜೇಂದ್ರ ಒಡೆಯರ್ ಅವರ ಪ್ರೋತ್ಸಾಹ ಇತ್ತು. 1961ರಲ್ಲಿ ಯಾದವಗಿರಿಯ ಕಾರ್ಖಾನೆಯಿಂದ ಜಾವಾ ಹೊರಬಂತು. 70ರ ದಶಕದಲ್ಲಿ ಹೆಸರು ಯೆಜ್ಡಿ ಆಯ್ತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಯಮಹಾ ಆರ್‌ಎಕ್ಸ್ 100 ಕೂಡ ಹೆಚ್ಚುಕಡಿಮೆ ಅದೇ ಹೊತ್ತಿಗೆ ನಿಂತಿತು. ಎಣ್ಣೆ ಸುಟ್ಟು ಹೊಗೆ ಬಿಡುವ ಇಂಜಿನ್‌ಗಳಿಗೆ ಹೊಗೆ ನಿಯಮ ಬಿಗಿಯಾದ ಕಾಲ ಅದು.

ಈಗ ಶೋರೂಮಿನಲ್ಲಿ ಸಿಗುವ ಜಾವಾ (2018ರಿಂದ), ಯೆಜ್ಡಿ (2022ರಿಂದ) ಬೇರೆ ಕಂಪನಿಯ ಫೋರ್-ಸ್ಟ್ರೋಕ್ ಗಾಡಿಗಳು. ಅವುಗಳ ಇಂಜಿನ್ ಸಾಮಾನು ಹಳೇದಕ್ಕೆ ಕೂರಲ್ಲ. "ಕಂಪನಿ ಮತ್ತೆ ಶುರುವಾಗಿದೆಯಲ್ಲ, ಸಾಮಾನು ಸಿಗುತ್ತೆ" ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಸ್ಪ್ಯಾನರ್ ಹಿಡಿಯೋ ಮುಂಚೆ ಆರ್‌ಸಿ ಹುಡುಕಿ

ಈ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳೋದಾದರೆ ಇದನ್ನೇ ಇಟ್ಟುಕೊಳ್ಳಿ: ಕಾಗದ ಇಲ್ಲದ ಗಾಡಿಗೆ ದುಡ್ಡು ಸುರಿಯಬೇಡಿ. ಬಣ್ಣ, ಕ್ರೋಮ್, ಬೋರ್ ಎಲ್ಲ ಮುಗಿಸಿ ಆಮೇಲೆ ಆರ್‌ಸಿ ಇಲ್ಲ ಅಂತ ಗೊತ್ತಾದರೆ ಗಾಡಿ ಅಂಗಡಿ ಮುಂದಿನ ಗೊಂಬೆ ಅಷ್ಟೇ.

ಮೊದಲು ಹ್ಯಾಂಡಲ್ ಕೆಳಗೆ ಚಾಸಿಯ ಕತ್ತಿನ ಹತ್ತಿರದ ನಂಬರು ಮತ್ತು ಇಂಜಿನ್ ಮೇಲಿನ ನಂಬರನ್ನು ಮಣ್ಣು ಕೆರೆದು ಓದಿ. ಆರ್‌ಸಿಯಲ್ಲಿರುವುದಕ್ಕೆ ಎರಡೂ ತಾಳೆಯಾಗಬೇಕು. ಹಿಂದೆ ಇಂಜಿನ್ ಕೆಟ್ಟರೆ ಇನ್ನೊಂದು ಗಾಡಿಯ ಇಂಜಿನ್ ಎತ್ತಿ ಕೂರಿಸಿ ಓಡಿಸಿದವರು ಕಮ್ಮಿಯೇನಿಲ್ಲ. ನಂಬರು ತಾಳೆಯಾಗದಿದ್ದರೆ ಆ ಗಾಡಿ ಕೊಳ್ಳುವುದನ್ನು ಅಲ್ಲಿಗೇ ಬಿಡುವುದು ಕ್ಷೇಮ.

ಹಳೇ ಆರ್‌ಸಿ ಪುಸ್ತಕದ ರೂಪದಲ್ಲಿರುತ್ತೆ. ಅದರ ವಿವರ ಕಂಪ್ಯೂಟರಿಗೆ, ಅಂದರೆ ವಾಹನ್ ವ್ಯವಸ್ಥೆಗೆ ಏರದೇ ಇರಬಹುದು. ಪುಸ್ತಕ ತಗೊಂಡು ಚಿತ್ರದುರ್ಗದ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಖಾಸಗಿ ಬೈಕಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತೆ. ಆಮೇಲೆ ಫಾರಂ 25ರಲ್ಲಿ ಅರ್ಜಿ, ಗಾಡಿ ತಪಾಸಣೆ, 5 ವರ್ಷದ ನವೀಕರಣ. 20 ವರ್ಷ ದಾಟಿದ ಬೈಕಿಗೆ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ 2,000 ರೂ.ಗೆ ಏರಿಸಿದೆ. ತಡ ಮಾಡಿದ ಪ್ರತಿ ತಿಂಗಳಿಗೆ 300 ರೂ. ಹೆಚ್ಚುವರಿ ಅನ್ನೋ ನಿಯಮ 2022ರ ಏಪ್ರಿಲ್‌ನಿಂದ ಇದೆ. ಹಸಿರು ತೆರಿಗೆ ಬೇರೆ. ನಿಮ್ಮ ಗಾಡಿಗೆ ಒಟ್ಟು ಎಷ್ಟಾಗುತ್ತೆ ಅಂತ ಕೌಂಟರಿನಲ್ಲೇ ಲೆಕ್ಕ ಹಾಕಿಸಿ, ಆಮೇಲೆ ಮೆಕ್ಯಾನಿಕ್ ಹತ್ತಿರ ಹೋಗಿ.

ಗಾಡಿ ತೀರಿಹೋದ ಅಪ್ಪನ ಹೆಸರಲ್ಲೋ ತಾತನ ಹೆಸರಲ್ಲೋ ಇರೋದು ನಮ್ಮಲ್ಲಿ ಸಾಮಾನ್ಯ. ಅದಕ್ಕೆ ಫಾರಂ 31, ಮರಣ ಪ್ರಮಾಣ ಪತ್ರ, ವಾರಸುದಾರರ ದಾಖಲೆ ಬೇಕು. ಅಣ್ಣತಮ್ಮಂದಿರು ಇದ್ದರೆ ಅವರ ಒಪ್ಪಿಗೆಯನ್ನು ಮೊದಲೇ ಬರೆಸಿಕೊಳ್ಳಿ. ಮೂಲೆಯಲ್ಲಿದ್ದಾಗ ಯಾರಿಗೂ ಬೇಡವಾಗಿದ್ದ ಗಾಡಿ ಮಿರಮಿರ ಮಿಂಚಿದ ಮೇಲೆ ಎಲ್ಲರಿಗೂ ಬೇಕಾಗುತ್ತೆ!

ನಮ್ಮದು ಗಡಿ ತಾಲೂಕು. ರಾಯದುರ್ಗ ಕಡೆಯಿಂದ ಕಮ್ಮಿ ಬೆಲೆಗೆ ಆಂಧ್ರ ನಂಬರಿನ ಗಾಡಿ ತರೋರು ಅಲ್ಲಿನ ಆರ್‌ಟಿಒ ನಿರಾಕ್ಷೇಪಣಾ ಪತ್ರ, ಅಂದ್ರೆ ಎನ್‌ಒಸಿ (ಫಾರಂ 28) ಮಾರುವವರಿಂದಲೇ ಮಾಡಿಸಿಕೊಳ್ಳಬೇಕು. ದುಡ್ಡು ಕೊಟ್ಟ ಮೇಲೆ ಆ ಮನುಷ್ಯ ಫೋನ್ ಎತ್ತದಿದ್ದರೆ ನೀವು ಅಲೆಯಬೇಕಾಗುತ್ತೆ. ಬೇರೆ ರಾಜ್ಯದ ಗಾಡಿ ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದರೆ ಇಲ್ಲಿನ ನಂಬರು ಹಾಕಿಸಲೇಬೇಕು.

50 ವರ್ಷ ದಾಟಿದ ಗಾಡಿಗಳಿಗೆ 2021ರ 'ವಿಂಟೇಜ್' ನಿಯಮ ಬೇರೆ ಇದೆ. ಅದರಲ್ಲಿ ನೋಂದಾಯಿಸಿದರೆ ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸಲು ಮಾತ್ರ ರಸ್ತೆಗೆ ಇಳಿಸಬಹುದು. ದಿನಾ ಸಂತೆಗೆ, ಹೊಲಕ್ಕೆ ಹೋಗುವವರಿಗೆ ಆ ದಾರಿ ಬೇಡ, ಮಾಮೂಲಿ ನವೀಕರಣವೇ ಸರಿ.

ಇನ್ಶೂರೆನ್ಸ್ ಮಾತು. "ಇಲ್ಲೇ ಊರೊಳಗೆ ತಾನೇ" ಅಂತ ಥರ್ಡ್ ಪಾರ್ಟಿ ವಿಮೆ ಇಲ್ಲದೆ ಓಡಿಸಿ ಯಾರಿಗಾದರೂ ಗುದ್ದಿದರೆ, ಕೋರ್ಟು ಹೇಳಿದ ಪರಿಹಾರವನ್ನು ಮಾಲೀಕನೇ ಕೈಯಿಂದ ಕಟ್ಟಬೇಕು. ಒಂದು ಎಕರೆ ಹೊಲ ಅಲ್ಲೇ ಹೋಯಿತು ಅಂತ ಲೆಕ್ಕ.

ಇಂಜಿನ್: ಕಿಕ್ ಹೊಡೆಯಬೇಡಿ, ಎಣ್ಣೆ ಬಿಡಿ

ವರ್ಷಗಟ್ಟಲೆ ನಿಂತ ಗಾಡಿಯ ಪಿಸ್ಟನ್ ಬೋರಿಗೆ ಹಿಡಿದುಕೊಂಡಿರುತ್ತೆ. ಕಿಕ್ ಮೇಲೆ ನಿಂತು ಕುಣಿದರೆ ರಿಂಗು ಮುರಿಯುತ್ತೆ, ಇಲ್ಲ ಕಿಕ್ಕಿನ ಹಲ್ಲು ಹೋಗುತ್ತೆ. ಪ್ಲಗ್ ಬಿಚ್ಚಿ ಆ ತೂತಿನಲ್ಲಿ ಡೀಸೆಲ್ ಬಿಟ್ಟು ಎರಡು ಮೂರು ದಿನ ಸುಮ್ಮನೆ ಬಿಡಿ. ಆಮೇಲೆ ಹಿಂದಿನ ಚಕ್ರ ಎತ್ತಿ, ಟಾಪ್ ಗೇರಿಗೆ ಹಾಕಿ, ಚಕ್ರವನ್ನು ಕೈಯಲ್ಲಿ ಮೆಲ್ಲಗೆ ಹಿಂದೆ ಮುಂದೆ ಆಡಿಸಿ.

ಬಿಟ್ಟುಕೊಂಡ ಮೇಲೂ ಹಾಗೇ ಸ್ಟಾರ್ಟ್ ಮಾಡೋದು ಬೇಡ. ಟೂ-ಸ್ಟ್ರೋಕಿನ ಗುಟ್ಟು ಇರುವುದು ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲಿನಲ್ಲಿ. ಈ ಇಂಜಿನ್ ಪೆಟ್ರೋಲು, ಗಾಳಿ, ಎಣ್ಣೆಯ ಮಿಶ್ರಣವನ್ನು ಮೊದಲು ಕ್ರ್ಯಾಂಕ್ ಕೋಣೆಗೆ ಎಳೆದುಕೊಂಡು ಆಮೇಲೆ ಮೇಲಕ್ಕೆ ದೂಡುತ್ತದೆ. ಕೋಣೆ ಗಾಳಿಯಾಡದಂತೆ ಬಿಗಿಯಾಗಿರಬೇಕು. ವರ್ಷಾನುಗಟ್ಟಲೆ ನಿಂತಾಗ ರಬ್ಬರ್ ಸೀಲು ಒಣಗಿ ಕಲ್ಲಾಗುತ್ತೆ. ಯೆಜ್ಡಿಯಲ್ಲಿ ಕ್ಲಚ್ ಕಡೆಯ ಸೀಲು ಹೋದರೆ ಇಂಜಿನ್ ಗೇರ್ ಆಯಿಲನ್ನೇ ಕುಡಿದು ಬೀದಿ ತುಂಬ ಬಿಳೀ ಹೊಗೆ ಬಿಡುತ್ತೆ. ಅದು ಕಣ್ಣಿಗೆ ಕಾಣುವ ರೋಗ. ಡೈನಮೋ ಕಡೆಯ ಸೀಲು ಹೋದರೆ ಹೊಗೆ ಇರಲ್ಲ, ಗಾಳಿ ಒಳಗೆ ನುಗ್ಗುತ್ತೆ. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಓಟ ಇಳಿಯಲ್ಲ. ಕೆಲವರು ಅದನ್ನೇ "ಏನ್ ಪಿಕಪ್ಪು!" ಅಂತ ಖುಷಿಪಡ್ತಾರೆ. ಅಸಲಿಗೆ ಪೆಟ್ರೋಲು, ಎಣ್ಣೆ ಕಮ್ಮಿಯಾಗಿ ಪಿಸ್ಟನ್ ಕಾಯ್ತಾ ಇರುತ್ತೆ. ಒಂದು ದಿನ ಸೀಜ್ ಆಗಿ ಹಿಂದಿನ ಚಕ್ರ ಲಾಕ್ ಆಗುತ್ತೆ. ಬೋರ್ ಮಾಡಿಸಿ ಸೀಲು ಉಳಿಸಿದ ಗಾಡಿಗಳು ಮತ್ತೆ ಲೇತಿಗೆ ವಾಪಸ್ ಬರುವುದು ಇದೇ ಕಾರಣಕ್ಕೆ. ಇಂಜಿನ್ ಬಿಚ್ಚಿದ ಮೇಲೆ ಎರಡೂ ಸೀಲು, ಬೇರಿಂಗ್ ಬದಲಿಸಿಯೇ ಮುಚ್ಚಿಸಿ.

ಬೋರ್ ಕೆಲಸಕ್ಕೆ ಬಳ್ಳಾರಿ, ಚಳ್ಳಕೆರೆ ಕಡೆ ಹೋಗುವವರು ಪಿಸ್ಟನ್ ಕಿಟ್ ಕೈಯಲ್ಲಿ ಹಿಡಿದೇ ಹೋಗಿ. ಮೊದಲು ಬೋರ್ ಹೊಡೆಸಿ ಆಮೇಲೆ ಪಿಸ್ಟನ್ ಹುಡುಕಿದರೆ ಅಳತೆ ತಪ್ಪುತ್ತೆ. ಯಾವ ಪಿಸ್ಟನ್ ಹಾಕುತ್ತೀರೋ ಅದನ್ನೇ ಅಳೆದು ಅದಕ್ಕೆ ತಕ್ಕ ಸಂದು ಬಿಡಬೇಕು. ಹಳೇ ಸಿಲಿಂಡರ್ ಕೊನೇ ಓವರ್‌ಸೈಜಿಗೆ ಬಂದಿದ್ದರೆ ಹೊಸ ಸ್ಲೀವ್ ಬೇಕು, ಖರ್ಚು ಏರುತ್ತೆ. ರೇಟು ಮೊದಲೇ ಚೀಟಿಯಲ್ಲಿ ಬರೆಸಿಕೊಳ್ಳಿ.

ತುಕ್ಕು ಹಿಡಿದ ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸುವ ಮುಂಚೆ ಎಚ್ಚರ. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿಯೇ ಸಿಡಿಯೋದು. ಸೋಪಿನ ನೀರಿನಲ್ಲಿ ಹಲವು ಸಲ ತೊಳೆಸಿ, ಈ ಕೆಲಸ ಗೊತ್ತಿರುವವರ ಹತ್ತಿರವೇ ಕೊಡಿ.

ಸೈಲೆನ್ಸರ್ ಒಳಗಿನ ಬ್ಯಾಫಲ್ ಕಿತ್ತೆಸೆಯುವುದು ಹುಡುಗರ ಚಟ. ಸದ್ದು ಬರುತ್ತೆ ನಿಜ, ಶಕ್ತಿ ಕಮ್ಮಿಯಾಗುತ್ತೆ, ದಂಡ ಜಾಸ್ತಿಯಾಗುತ್ತೆ. ಬ್ಯಾಫಲ್ ತೆಗೆದು ಕರಿ ಸುಟ್ಟು ಕೆರೆದು ವಾಪಸ್ ಹಾಕಿದರೆ ಸತ್ತಂತಿದ್ದ ಗಾಡಿಗೆ ಪಿಕಪ್ ಬರುತ್ತೆ. ಕಾಸಿಲ್ಲದ ರಿಪೇರಿ.

ಕಿಕ್ಕೇ ಗೇರು

ಹೊಸಬರು ಯೆಜ್ಡಿಯಲ್ಲಿ ಕಿಕ್ಕರ್ ಹುಡುಕುತ್ತಾರೆ. ಎಡಗಡೆಯ ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಅದೇ ಕಿಕ್. ಗೇರ್ ಲಿವರ್ ಒತ್ತಿದಾಗ ಕ್ಲಚ್ ತಾನೇ ಬಿಡುವ ವ್ಯವಸ್ಥೆಯೂ ಇದೆ. ಹಾಗಂತ ಕೈ ಕ್ಲಚ್ ಮರೆಯಬೇಡಿ.

ಹಳೇ 6 ವೋಲ್ಟ್ ಗಾಡಿಗೆ ಬ್ಯಾಟರಿ ಸತ್ತಿದ್ದರೆ ಸ್ಪಾರ್ಕ್ ಬರಲ್ಲ. ಬೆವರು ಸುರಿಸಿ ಕಿಕ್ ಹೊಡೆಯೋ ಬದಲು ಬ್ಯಾಟರಿ ಚಾರ್ಜ್ ನೋಡಿ. ಪಾಯಿಂಟ್ ತಿಕ್ಕಿ 0.4 ಮಿ.ಮೀ. ಸಂದು ಇಡಿ. ಅರ್ಧ ತಕರಾರು ಇಲ್ಲೇ ಮುಗಿಯುತ್ತೆ.

ಬಂಕಿನಲ್ಲಿ ಟೂ-ಟಿ ಪಂಪು ಈಗ ಕಾಣಲ್ಲ. ಬಾಟಲಿ ತಂದು ನೀವೇ ಅಳೆದು ಹಾಕಬೇಕು. ಹೊಸ ಬೋರಿಗೆ ಲೀಟರಿಗೆ 40 ಮಿ.ಲೀ., ಅಂದರೆ 5 ಲೀಟರಿಗೆ 200. ಮೊದಲ 500 ಕಿ.ಮೀ. 50ರ ವೇಗ ದಾಟಬೇಡಿ, ಒಂದೇ ವೇಗದಲ್ಲಿ ಎಳೆಯಬೇಡಿ, ಡಬಲ್ ಕೂರಿಸಬೇಡಿ. ಅಂದಾಜಿಗೆ ಸುರಿಯುವುದು ಬೇಡ. ಜಾಸ್ತಿಯಾದರೆ ಪ್ಲಗ್ ಕರ‍್ರಗಾಗುತ್ತೆ, ಕಮ್ಮಿಯಾದರೆ ಪಿಸ್ಟನ್ ಹೋಗುತ್ತೆ. ಆರ್‌ಎಕ್ಸ್ 100ಕ್ಕೆ ಎಣ್ಣೆಯ ಡಬ್ಬಿ ಬೇರೆ ಇದೆ, ಪಂಪು ತಾನೇ ಬೆರೆಸುತ್ತೆ. ಆ ಪಂಪು ಕೆಲಸ ಮಾಡ್ತಿದೆಯಾ ಅಂತ ಖಾತ್ರಿ ಮಾಡ್ಕೊಳ್ಳೋವರೆಗೂ ಪೆಟ್ರೋಲಿಗೂ ಒಂದಿಷ್ಟು ಬೆರೆಸಿ.

ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ದೂರ ಇಳಿಯಬೇಡಿ. ಪೆಟ್ರೋಲ್ ನಿಂತರೆ ಅದರ ಜೊತೆಯ ಎಣ್ಣೆಯೂ ನಿಲ್ಲುತ್ತೆ. ಆಗಾಗ ಸ್ವಲ್ಪ ತಿರುಗಿಸುತ್ತಿರಿ. ಚಳ್ಳಕೆರೆ-ಬಳ್ಳಾರಿ ಹೆದ್ದಾರಿಯಲ್ಲಿ ಎರಡು ಬೆರಳು ಕ್ಲಚ್ ಮೇಲೇ ಇರಲಿ. ಇಂಜಿನ್ ಬಿಗಿಯಾದಂತೆ ಅನ್ನಿಸಿದ ಕ್ಷಣ ಕ್ಲಚ್ ಹಿಡಿದು ಪಕ್ಕಕ್ಕೆ ತಗೊಳ್ಳಿ. ಹಳೇ ಡ್ರಮ್ ಬ್ರೇಕಿಗೆ ಈಗಿನ ಕಾರುಗಳಷ್ಟು ಬೇಗ ನಿಲ್ಲುವ ತಾಕತ್ತಿಲ್ಲ, ಲಾರಿ ಹಿಂದೆ ಅಂಟಿಕೊಂಡು ಹೋಗಬೇಡಿ.

ಶೇಂಗಾ ಬಡಿಯುವ ಕಾಲದಲ್ಲಿ ನಮ್ಮ ಕಡೆ ಧೂಳು ಹೇಗಿರುತ್ತೆ ಗೊತ್ತೇ ಇದೆ. ಫಿಲ್ಟರ್ ಇಲ್ಲದ ಕಾರ್ಬುರೇಟರ್ ಆ ಧೂಳನ್ನೆಲ್ಲ ನೇರ ಹೊಸ ಬೋರಿಗೆ ಕಳಿಸುತ್ತೆ.

ಕೊನೆಯದಾಗಿ ಪೆಟ್ರೋಲು. ಈಗ ಬಂಕಿನಲ್ಲಿ ಸಿಗೋದು 20% ಎಥನಾಲ್ ಬೆರೆತದ್ದು. ಹಳೇ ರಬ್ಬರ್ ಪೈಪು, ವಾಷರುಗಳನ್ನು ಅದು ಮೆತ್ತಗೆ ಮಾಡುತ್ತೆ, ಗಾಳಿಯ ತೇವ ಹೀರಿ ಟ್ಯಾಂಕಿನ ತಳದಲ್ಲಿ ನೀರು ಕೂರಿಸುತ್ತೆ. ಪೈಪುಗಳನ್ನು ಹೊಸದು ಹಾಕಿಸಿ. ವಾರಗಟ್ಟಲೆ ಗಾಡಿ ತೆಗೆಯದೇ ಇರೋದಾದರೆ ಕಾಕ್ ಮುಚ್ಚಿ ಕಾರ್ಬುರೇಟರ್ ಖಾಲಿಯಾಗುವವರೆಗೆ ಓಡಿಸಿ ನಿಲ್ಲಿಸಿ, ತಿಂಗಳು ದಾಟೋದಾದರೆ ಟ್ಯಾಂಕನ್ನೂ ಬಸಿದಿಡಿ.