ಬ್ರೆಜಿಲ್ ಕಾರಿನ ನಂಬರ್ ಪ್ಲೇಟ್‌: ಅಂಕಿಗಳ ನಡುವೆ ಅಕ್ಷರ ಬಂದರೆ ಅದು ನಕಲಿಯೇ?

ಬ್ರೆಜಿಲ್‌ನ ಒಂದೇ ಕಾರಿನ ಎರಡು ಫೋಟೊ ಇವೆ ಎಂದುಕೊಳ್ಳಿ. ಹಳೆಯದರಲ್ಲಿ ನಂಬರ್ ‘ಎಬಿಸಿ-1234’, ಹೊಸದರಲ್ಲಿ ‘ಎಬಿಸಿ1ಸಿ34’. ‘ನಂಬರ್ ತಿದ್ದಿದ್ದಾರೆ, ಇದು ಕಳವಿನ ಗಾಡಿ’ ಎಂದು ಯಾರಾದರೂ ಬರೆದು ಕಳಿಸಿದರೆ ನಾವು ನಂಬಿಬಿಡುತ್ತೇವೆ. ಆದರೆ ಎರಡೂ ಅಸಲಿ ಆಗಿರಬಹುದು. ಹೇಗೆ ಎಂದು ನೋಡೋಣ.

ಹಳದಿ ಪ್ಲೇಟ್ ಕಾಲ

1969ರಲ್ಲಿ ಆರಂಭವಾದ ಪದ್ಧತಿಯಲ್ಲಿ ಎರಡು ಅಕ್ಷರ, ನಾಲ್ಕು ಅಂಕಿ ಇದ್ದವು. ಖಾಸಗಿ ವಾಹನಗಳಿಗೆ ಹಳದಿ ಪ್ಲೇಟ್. ಒಂದೇ ನಂಬರ್ ಬೇರೆ ಬೇರೆ ರಾಜ್ಯಗಳ ಗಾಡಿಗಳಿಗೆ ಇರಬಹುದಿತ್ತು. ಹಾಗಾಗಿ ಬರೀ ನಂಬರ್ ಹಿಡಿದು ಗಾಡಿ ಪತ್ತೆ ಮಾಡುವುದು ಕಷ್ಟವಾಗಿತ್ತು.

ದೇಶಕ್ಕೆಲ್ಲ ಒಂದೇ ಸರಣಿ

1990ರಲ್ಲಿ ಪರಾನಾ ರಾಜ್ಯದಿಂದ ಹೊಸ ಪದ್ಧತಿ ಶುರುವಾಯಿತು: ಮೂರು ಅಕ್ಷರ, ನಾಲ್ಕು ಅಂಕಿ, ಬೂದು ಬಣ್ಣ. ಇದರಲ್ಲಿ ಸುಮಾರು 17.5 ಕೋಟಿ ನಂಬರ್‌ಗಳು ಸಾಧ್ಯ. ಪ್ರತಿ ರಾಜ್ಯಕ್ಕೂ ಪ್ರತ್ಯೇಕ ಅಕ್ಷರಗಳ ಸರಣಿ ಕೊಡಲಾಯಿತು. ಆದರೆ ಗಾಡಿ ಬೇರೆ ರಾಜ್ಯಕ್ಕೆ ಹೋದರೂ ನಂಬರ್ ಬದಲಾಗುತ್ತಿರಲಿಲ್ಲ. ಅಂದರೆ ಅಕ್ಷರಗಳಿಂದ ತಿಳಿಯುವುದು ಆ ನಂಬರ್ ಮೊದಲು ಎಲ್ಲಿ ಸಿಕ್ಕಿತು ಎಂಬುದು, ಗಾಡಿ ಈಗ ಎಲ್ಲಿದೆ ಎಂಬುದಲ್ಲ.

ಅಕ್ಷರ ನಡುವೆ ಬಂದದ್ದು ಯಾಕೆ?

ದಕ್ಷಿಣ ಅಮೆರಿಕದ ವ್ಯಾಪಾರ ಒಕ್ಕೂಟ ಮರ್ಕೊಸುರ್ ತನ್ನ ಸದಸ್ಯ ದೇಶಗಳಿಗೆ ಒಂದೇ ವಿನ್ಯಾಸದ ಪ್ಲೇಟ್ ರೂಪಿಸಿತು: ಬಿಳಿ ಹಿನ್ನೆಲೆ, ಮೇಲೆ ನೀಲಿ ಪಟ್ಟಿ. ಬ್ರೆಜಿಲ್‌ನಲ್ಲಿ ಇದು 2018ರ ಸೆಪ್ಟೆಂಬರ್‌ನಲ್ಲಿ ರಿಯೊ ಡಿ ಜನೈರೊದಿಂದ ಶುರುವಾಗಿ 2020ರ ಆರಂಭದಲ್ಲಿ ಎಲ್ಲ ರಾಜ್ಯಗಳಿಗೂ ಬಂತು. ನಾಲ್ಕು ಅಕ್ಷರ, ಮೂರು ಅಂಕಿಗಳಿಂದ ಸಾಧ್ಯವಾಗುವ ನಂಬರ್‌ಗಳು ಸುಮಾರು 45.7 ಕೋಟಿ.

ಹಳೆಯ ನಂಬರ್ ಬದಲಿಸುವ ಸೂತ್ರ ಸುಲಭ. ನಾಲ್ಕು ಅಂಕಿಗಳಲ್ಲಿ ಎರಡನೆಯದು ಮಾತ್ರ ಅಕ್ಷರವಾಗುತ್ತದೆ: 0 ಇದ್ದರೆ ಎ, 1 ಇದ್ದರೆ ಬಿ, 2 ಇದ್ದರೆ ಸಿ, ಹೀಗೆ 9ಕ್ಕೆ ಜೆ. ಮೇಲಿನ ಉದಾಹರಣೆಯಲ್ಲಿ 2 ಹೋಗಿ ಸಿ ಬಂದದ್ದು ಹೀಗೆ.

ಹಾಗಾದರೆ ಬೂದು ಪ್ಲೇಟ್ ಅಕ್ರಮವೇ?

ಅಲ್ಲ. ಹೊಸ ಪದ್ಧತಿ ಬಂದಾಗ ಹಳೆಯ ಗಾಡಿಗಳೆಲ್ಲ ತಕ್ಷಣ ಪ್ಲೇಟ್ ಬದಲಿಸಬೇಕಾಗಿರಲಿಲ್ಲ. ಹೊಸ ನೋಂದಣಿ, ಬೇರೆ ಊರಿಗೆ ವರ್ಗಾವಣೆ, ಪ್ಲೇಟ್ ಹಾಳಾಗುವುದು ಅಥವಾ ಕಳವಾಗುವುದು, ಇಂಥ ಸಂದರ್ಭಗಳಲ್ಲಿ ಬದಲಿಸಬೇಕು.

ನೆನಪಿಡಿ

ಸೂತ್ರ ಹೊಂದಿದ ಮಾತ್ರಕ್ಕೆ ಪ್ಲೇಟ್ ಅಸಲಿ ಎಂದಲ್ಲ. ಬೇರೆ ಗಾಡಿಯ ನಂಬರ್ ನಕಲು ಮಾಡಿ ಓಡಿಸುವವರೂ ಇದ್ದಾರೆ. ಆಗ ದಂಡದ ನೋಟಿಸ್ ಹೋಗುವುದು ಅಮಾಯಕ ಮಾಲೀಕರಿಗೆ. ಚಾಸಿ ನಂಬರ್ ದಾಖಲೆಗೆ ಹೊಂದುತ್ತದೆಯೇ ಎಂದು ನೋಡಿದರೆ ಮಾತ್ರ ಸತ್ಯ ಗೊತ್ತಾಗುತ್ತದೆ. ಬರೀ ಫೋಟೊ ನೋಡಿ ಯಾರನ್ನೂ ಕಳ್ಳ ಎಂದು ಫಾರ್ವರ್ಡ್ ಮಾಡುವುದು ಬೇಡ.